ನಾಮಿನಿ ಇದ್ದರು, ವಿಲ್ ಇರಲಿಲ್ಲ: ಒಂದು ಕುಟುಂಬದ ಪ್ರಕರಣ ಅಧ್ಯಯನ

ಗಂಡನಿಗೆ 46 ವರ್ಷ. ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ಕೆಲಸ. ಹೃದಯಾಘಾತವಾಗಿ ಇದ್ದಕ್ಕಿದ್ದಂತೆ ತೀರಿಕೊಂಡರು. ಮನೆಯಲ್ಲಿ ಹೆಂಡತಿ, 17 ವರ್ಷದ ಮಗಳು, 11 ವರ್ಷದ ಮಗ, 74 ವರ್ಷದ ತಾಯಿ. ತಂದೆ ಮೊದಲೇ ಹೋಗಿದ್ದರು. ತುಮಕೂರು ಜಿಲ್ಲೆಯ ಊರಿನಲ್ಲಿ ಜಮೀನು ನೋಡಿಕೊಳ್ಳುವ ಒಬ್ಬ ತಮ್ಮ, ಮದುವೆಯಾಗಿ ಬೇರೆ ಊರಿನಲ್ಲಿರುವ ಒಬ್ಬ ತಂಗಿ. ವಿಲ್ ಬರೆದಿರಲಿಲ್ಲ. "ನಾವೇನು ಜಮೀನ್ದಾರರಾ, ವಿಲ್ ಯಾಕೆ? ಎಲ್ಲದಕ್ಕೂ ನಾಮಿನಿ ಹಾಕಿದ್ದೀನಲ್ಲ" ಅನ್ನುತ್ತಿದ್ದರು.

ಮೊದಲೇ ಒಂದು ಮಾತು. ಇದು ಒಂದೇ ಮನೆಯಲ್ಲಿ ನಡೆದದ್ದಲ್ಲ. ಹಲವು ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ತೊಡಕುಗಳನ್ನು ಒಂದೇ ಕುಟುಂಬಕ್ಕೆ ಹೊಂದಿಸಿ ಬರೆದ ಮಾದರಿ ಪ್ರಕರಣ, ಮೊತ್ತಗಳು ಲೆಕ್ಕ ತೋರಿಸಲು ಹಾಕಿಕೊಂಡವು. ಕಾನೂನು ಮಾತ್ರ ಇರುವ ಹಾಗೇ ಇದೆ, ಅದೂ ಹಿಂದೂ ಕುಟುಂಬದ್ದು. ಮುಸ್ಲಿಂ ಕುಟುಂಬದಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿಯನ್ನು ವಿಲ್ ಮೂಲಕ ಕೊಡುವಂತಿಲ್ಲ. ಕ್ರೈಸ್ತರಲ್ಲಿ ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು, ಉಳಿದದ್ದು ಮಕ್ಕಳಿಗೆ. ಆ ಲೆಕ್ಕಗಳೇ ಬೇರೆ.

ಏನೇನಿತ್ತು

ಕಬ್ಬಿಣದ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಕಾಗದಗಳು. ಮೇಲೆಯೇ ಇದ್ದದ್ದು ಫ್ಲ್ಯಾಟಿನ ಕ್ರಯಪತ್ರದ ಜೆರಾಕ್ಸ್, ಅಸಲು ಬ್ಯಾಂಕಿನಲ್ಲಿ. ಫ್ಲ್ಯಾಟಿನ ಬೆಲೆ ಸುಮಾರು 80 ಲಕ್ಷ ರೂಪಾಯಿ, ಸಾಲ ಇನ್ನೂ 31 ಲಕ್ಷ ಬಾಕಿ. ಕ್ರಯಪತ್ರ ಗಂಡನೊಬ್ಬರ ಹೆಸರಿನಲ್ಲಿ. ಸಾಲದ ಕಾಗದಕ್ಕೆ ಮಾತ್ರ ಹೆಂಡತಿಯ ಸಹಿಯೂ ಇತ್ತು. ಸಂಬಳ ಇಬ್ಬರದೂ ಸೇರಿದರೆ ಸಾಲ ಜಾಸ್ತಿ ಸಿಗುತ್ತದೆ ಎಂದು ಆಗ ಹಾಗೆ ಮಾಡಿದ್ದರು. ಆ ಒಂದು ಸಹಿಯಿಂದ ಈಗ ಪೂರ್ತಿ ಸಾಲಕ್ಕೆ ಈಕೆ ಹೊಣೆ, ಮನೆ ಮಾತ್ರ ಪೂರ್ತಿ ಈಕೆಯದಲ್ಲ. ಇದನ್ನು ಆಮೇಲೆ ನೋಡೋಣ.

12 ಲಕ್ಷದ ಫಿಕ್ಸೆಡ್ ಡೆಪಾಸಿಟ್, ನಾಮಿನಿ ತಾಯಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತೆರೆದ ಖಾತೆ ಅದು, ಆಮೇಲೆ ಯಾರೂ ನಾಮಿನಿ ಬದಲಿಸಲಿಲ್ಲ. ಪಿಎಫ್‌ನಲ್ಲಿ 18 ಲಕ್ಷ, ಅಲ್ಲೂ ಮದುವೆಗೆ ಮುಂಚಿನ ನಾಮಿನೇಷನ್, ತಾಯಿಯದೇ ಹೆಸರು. 50 ಲಕ್ಷದ ಟರ್ಮ್ ಇನ್ಶೂರೆನ್ಸ್, ಇದಕ್ಕೆ ನಾಮಿನಿ ಹೆಂಡತಿ. ಮ್ಯೂಚುವಲ್ ಫಂಡ್‌ನಲ್ಲಿ 9 ಲಕ್ಷ, ನಾಮಿನಿ ಇಲ್ಲ. ಊರಿನಲ್ಲಿ ಪಿತ್ರಾರ್ಜಿತ ಜಮೀನು, ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ.

ಫೋನಿನ ಪಿನ್ ಮಗಳಿಗೆ ಗೊತ್ತಿತ್ತು, ಪುಣ್ಯ. ಮ್ಯೂಚುವಲ್ ಫಂಡ್ ಇರುವುದು ಗೊತ್ತಾಗಿದ್ದೇ ಅವರ ಇ-ಮೇಲ್ ನೋಡಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾರ್ಡ್, ಪಿನ್ ಕೈಯಲ್ಲಿದೆ ಎಂದು ತೀರಿಕೊಂಡವರ ಖಾತೆಯಿಂದ ದುಡ್ಡು ತೆಗೆಯಬಾರದು. ಎಷ್ಟೋ ಮನೆಗಳಲ್ಲಿ ಕಾರ್ಯದ ಖರ್ಚಿಗೆಂದು ತೆಗೆಯುತ್ತಾರೆ, ಉದ್ದೇಶ ಕೆಟ್ಟದ್ದೇನಲ್ಲ, ಆದರೆ ಮುಂದೆ ತಕರಾರು ಬಂದಾಗ ಮೊದಲು ಎತ್ತಿ ತೋರಿಸುವುದು ಆ ಸ್ಟೇಟ್‌ಮೆಂಟನ್ನೇ.

ಯಾರಿಗೆ ಎಷ್ಟು

ಗಂಡ ಹೋದರೆ ಎಲ್ಲ ಹೆಂಡತಿಗೆ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡಸು ವಿಲ್ ಇಲ್ಲದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಮಗ, ಮಗಳು ಇವರ ಜೊತೆ ತಾಯಿಯೂ ಆ ವರ್ಗದಲ್ಲಿದ್ದಾರೆ. ತಂದೆ ಇಲ್ಲ, ಅವರು ಎರಡನೇ ವರ್ಗ. ಹಾಗಾಗಿ ಈ ಫ್ಲ್ಯಾಟಿನಲ್ಲಿ ನಾಲ್ವರಿಗೂ ಸಮಪಾಲು, ತಲಾ ನಾಲ್ಕರಲ್ಲಿ ಒಂದು.

ಇಷ್ಟೇ ಆಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ಮುಂದೆ ಅತ್ತೆಯೂ ವಿಲ್ ಬರೆಯದೆ ತೀರಿಕೊಂಡರೆ? ಅವರ ಕಾಲು ಭಾಗ ಅವರ ಮಕ್ಕಳಿಗೆ ಹೋಗುತ್ತದೆ: ಮೈದುನನಿಗೆ, ನಾದಿನಿಗೆ, ಮತ್ತು ತೀರಿಕೊಂಡ ಮಗನ ಪಾಲು ಅವನ ಇಬ್ಬರು ಮಕ್ಕಳಿಗೆ. ಸೊಸೆಗೆ ಅದರಲ್ಲಿ ಏನೂ ಇಲ್ಲ. ಫ್ಲ್ಯಾಟನ್ನು 24 ಭಾಗ ಮಾಡಿ ನೋಡಿ. ಹೆಂಡತಿಗೆ 6, ಮಕ್ಕಳಿಗೆ ತಲಾ 7, ಮೈದುನನಿಗೆ 2, ನಾದಿನಿಗೆ 2. ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಐದು ಜನ ಮಾಲೀಕರು, ಅದರಲ್ಲಿ ಇಬ್ಬರು ಅಲ್ಲಿ ಒಂದು ದಿನವೂ ವಾಸ ಮಾಡಿದವರಲ್ಲ. ಯಾರೂ ಮೋಸ ಮಾಡಿಲ್ಲ, ಯಾರೂ ಕೆಟ್ಟವರಲ್ಲ, ಕಾನೂನು ತನ್ನ ಪಾಡಿಗೆ ತಾನು ನಡೆದರೆ ಆಗುವುದೇ ಹೀಗೆ.

ನಾಮಿನಿ ಅಂದರೆ ಮಾಲೀಕರಲ್ಲ

ಡೆಪಾಸಿಟ್ ವಿಷಯಕ್ಕೆ ಬ್ಯಾಂಕಿಗೆ ಹೋದಾಗ ಕೆಲಸ ಬೇಗ ಆಯಿತು. ಮರಣ ಪ್ರಮಾಣಪತ್ರ, ಅತ್ತೆಯ ಆಧಾರ್, ಒಂದು ಕ್ಲೇಮ್ ಫಾರಂ. 12 ಲಕ್ಷ ಮತ್ತು ಬಡ್ಡಿ ಅತ್ತೆಯ ಖಾತೆಗೆ ಬಂತು. ಮೈದುನ ಅಂದುಕೊಂಡದ್ದು, ಅಮ್ಮನ ದುಡ್ಡು ಅಮ್ಮನಿಗೆ ಬಂತು ಎಂದು. ಸೊಸೆಗೆ ಸಂಕಟ. ಗಂಡ ಮಕ್ಕಳ ಓದಿಗೆಂದು ಇಟ್ಟಿದ್ದ ಹಣ ಅದು.

ಬ್ಯಾಂಕ್ ಮಾಡಿದ್ದರಲ್ಲಿ ತಪ್ಪಿಲ್ಲ. ನಾಮಿನಿಗೆ ಕೊಟ್ಟರೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು. ಆದರೆ ನಾಮಿನಿ ಆ ಹಣವನ್ನು ವಾರಸುದಾರರ ಪರವಾಗಿ ಪಡೆದುಕೊಳ್ಳುವವರು ಅಷ್ಟೇ ಎಂದು ಸುಪ್ರೀಂ ಕೋರ್ಟ್ ಹೇಳುತ್ತಲೇ ಬಂದಿದೆ: ವಿಮೆಯ ಬಗ್ಗೆ 1983ರಲ್ಲಿ, ಬ್ಯಾಂಕ್ ಖಾತೆಯ ಬಗ್ಗೆ 2010ರಲ್ಲಿ, ಷೇರುಗಳ ಬಗ್ಗೆ 2023ರ ಡಿಸೆಂಬರಿನಲ್ಲಿ. ಅಂದರೆ ಆ 12 ಲಕ್ಷವೂ ನಾಲ್ವರದು. 2025ರ ನವೆಂಬರ್ 1ರಿಂದ ಬ್ಯಾಂಕ್ ಡೆಪಾಸಿಟ್‌ಗೆ ನಾಲ್ಕು ಜನರ ತನಕ ನಾಮಿನಿ ಹಾಕಬಹುದು, ಯಾರಿಗೆ ಎಷ್ಟು ಪರ್ಸೆಂಟ್ ಎಂದೂ ಬರೆಯಬಹುದು. ಒಳ್ಳೆಯ ಸೌಲಭ್ಯವೇ. ಆದರೆ ನಾಲ್ಕು ನಾಮಿನಿ ಹಾಕಿದರೂ ಅದು ವಿಲ್ ಆಗುವುದಿಲ್ಲ.

ವಿಮೆಯದ್ದು ಸ್ವಲ್ಪ ಬೇರೆ. 2015ರ ತಿದ್ದುಪಡಿ ಆದ ಮೇಲೆ ಹೆಂಡತಿ, ಗಂಡ, ತಂದೆ ತಾಯಿ, ಮಕ್ಕಳನ್ನು ನಾಮಿನಿ ಮಾಡಿದರೆ ಹಣದ ಪ್ರಯೋಜನವೂ ಅವರಿಗೇ ಎಂದು ವಿಮಾ ಕಾಯ್ದೆ ಹೇಳುತ್ತದೆ. ಹಾಗಾದರೆ ಮುಗಿಯಿತಲ್ಲ ಅಂದುಕೊಳ್ಳುವಷ್ಟರಲ್ಲಿ 2025ರಲ್ಲಿ ಕರ್ನಾಟಕ ಹೈಕೋರ್ಟಿನ ತೀರ್ಪು ಬಂತು. ಅಲ್ಲಿ ಒಬ್ಬರು ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದರು, ಮದುವೆಯಾಗಿ ಮಗುವಾದ ಮೇಲೂ ಬದಲಿಸಿರಲಿಲ್ಲ. ವಾರಸುದಾರರು ಹಕ್ಕು ಕೇಳಿದರೆ ನಾಮಿನಿ ಒಬ್ಬರೇ ಇಟ್ಟುಕೊಳ್ಳುವಂತಿಲ್ಲ ಎಂದ ನ್ಯಾಯಾಲಯ ತಾಯಿ, ಹೆಂಡತಿ, ಮಗು ಮೂವರಿಗೂ ಸಮವಾಗಿ ಹಂಚಿತು. ಆ ಸೊಸೆಗೆ ಅದರಿಂದ ಅನುಕೂಲವಾಯಿತು. ನಮ್ಮ ಪ್ರಕರಣದಲ್ಲಿ ಅದೇ ತರ್ಕ ತಿರುಗಿ ಬೀಳಬಹುದು, ಯಾಕೆಂದರೆ ಇಲ್ಲಿ ನಾಮಿನಿ ಸೊಸೆ, ಹಕ್ಕು ಕೇಳಬಹುದಾದವರು ಅತ್ತೆ. ಹೆಂಡತಿ ಮಕ್ಕಳಿಗೇ ಸೇರಬೇಕು ಎಂದು ಗಟ್ಟಿಯಾಗಿ ಕಟ್ಟಿಡುವ ದಾರಿ ಇದೆ: ಪಾಲಿಸಿ ತೆಗೆದುಕೊಳ್ಳುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿ ಮಾಡಿಸುವುದು. ಆಗ ಅದು ಅವರ ಪರವಾದ ಟ್ರಸ್ಟ್ ಆಗುತ್ತದೆ, ಗಂಡನಿಗೆ ಸಾಲ ಕೊಟ್ಟವರೂ ಮುಟ್ಟಲಾಗದು. ಪ್ರಪೋಸಲ್ ಫಾರಂ ಜೊತೆ ಒಂದು ಪುಟ ಜಾಸ್ತಿ ತುಂಬಬೇಕು, ಅಷ್ಟೇ. ಏಜೆಂಟರು ಸಾಮಾನ್ಯವಾಗಿ ತಾವಾಗಿ ಹೇಳುವುದಿಲ್ಲ.

ಪಿಎಫ್‌ನಲ್ಲಿ ಮದುವೆಗೆ ಮುಂಚೆ ಮಾಡಿದ ನಾಮಿನೇಷನ್ ಮದುವೆಯಾದ ಮೇಲೆ ನಿಲ್ಲುವುದಿಲ್ಲ, ಹೊಸದಾಗಿ ಮಾಡಲೇಬೇಕು. ಇಲ್ಲಿ ಮಾಡಿರಲಿಲ್ಲವಾದ್ದರಿಂದ ಕುಟುಂಬದ ಎಲ್ಲರ ಕಾಗದ ಕೂಡಿಸುವ ಓಡಾಟ. ಆದರೆ ಈ ಓಡಾಟದಲ್ಲೇ ಎರಡು ವಿಷಯ ತಿಳಿಯಿತು. ನೌಕರಿಯಲ್ಲಿದ್ದಾಗಲೇ ತೀರಿಕೊಂಡರೆ ಪಿಎಫ್ ಸದಸ್ಯರ ಕುಟುಂಬಕ್ಕೆ ಇಡಿಎಲ್‌ಐ ಎಂಬ ವಿಮೆ ಇದೆ, ಗರಿಷ್ಠ 7 ಲಕ್ಷ. ಹೆಂಡತಿಗೆ ತಿಂಗಳ ಪಿಂಚಣಿ ಇದೆ, ಇಬ್ಬರು ಮಕ್ಕಳಿಗೆ 25 ವರ್ಷದ ತನಕ ಬೇರೆಯಾಗಿ ಇದೆ. ಗ್ರಾಚ್ಯುಟಿಗೂ ಸಾವಿನ ಸಂದರ್ಭದಲ್ಲಿ 5 ವರ್ಷ ಸೇವೆಯ ನಿಯಮ ಇಲ್ಲ. ಕೇಳದಿದ್ದರೆ ಇವುಗಳಲ್ಲಿ ಕೆಲವು ಹಾಗೇ ಉಳಿದುಬಿಡುತ್ತವೆ.

ನಾಮಿನಿಯೇ ಇಲ್ಲದ ಮ್ಯೂಚುವಲ್ ಫಂಡ್‌ಗೆ ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ಹಣ ಪಡೆಯುವ ವಾರಸುದಾರರು ಯಾರೆಂದು ಕೋರ್ಟ್ ಕೊಡುವ ಪತ್ರ, ಬೇಕಾಯಿತು. ಸಿವಿಲ್ ಕೋರ್ಟಿನಲ್ಲಿ ಅರ್ಜಿ, ಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆಗೆ ಕಾಯುವುದು, ಕೋರ್ಟ್ ಶುಲ್ಕ. ಯಾರ ತಕರಾರೂ ಇಲ್ಲದಿದ್ದರೂ ತಿಂಗಳುಗಟ್ಟಲೆ ಹಿಡಿಯುತ್ತದೆ. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷವೇ ಎಲ್ಲಕ್ಕೂ ಸಾಕು ಎಂದು ಕೆಲವರು ಹೇಳುತ್ತಾರೆ. ಅದು ಯಾರು ಯಾರ ಸಂಬಂಧಿ ಎಂದು ಹೇಳುವ ಕಾಗದ, ದೊಡ್ಡ ಮೊತ್ತ ಬಿಡುವಾಗ ಸಂಸ್ಥೆಗಳು ಕೋರ್ಟಿನ ಕಾಗದವನ್ನೇ ಕೇಳುವುದು ಜಾಸ್ತಿ.

ಮನೆ ಮಾರಲಿಕ್ಕಾಗಲಿಲ್ಲ

ವಿಮೆ ಹಣ ಬಂದ ತಕ್ಷಣ ಈಕೆ ಮಾಡಿದ್ದು 31 ಲಕ್ಷದ ಸಾಲ ತೀರಿಸಿದ್ದು. ತಿಂಗಳ ಕಂತಿನ ಭಯ, ಯಾರಾದರೂ ಅದನ್ನೇ ಮಾಡುತ್ತಿದ್ದರು. ಆದರೆ ಲೆಕ್ಕ ನೋಡಿ: ತನ್ನ ಕೈಗೆ ಬಂದ ದುಡ್ಡಿನಿಂದ ಪೂರ್ತಿ ಸಾಲ ತೀರಿಸಿದ್ದು, ಕಾಲು ಭಾಗ ಮಾತ್ರ ತನ್ನದಾದ ಮನೆಗೆ. ಉಳಿದ ಪಾಲುದಾರರಿಂದ ಅವರವರ ಭಾಗ ಕೇಳುವ ಹಕ್ಕು ಕಾನೂನಿನಲ್ಲಿ ಇದೆ, ಅತ್ತೆಯಿಂದ, ಮಕ್ಕಳಿಂದ ಯಾರು ಕೇಳುತ್ತಾರೆ ಹೇಳಿ. ಕಡೇಪಕ್ಷ ಪಾಲಿನ ಮಾತು ಮುಗಿಸಿಕೊಂಡು ಆಮೇಲೆ ಸಾಲ ತೀರಿಸಬಹುದಿತ್ತು. ಎರಡು ತಿಂಗಳ ಕಂತು ಕಟ್ಟಿದ್ದರೆ ಏನೂ ಮುಳುಗುತ್ತಿರಲಿಲ್ಲ.

ಆಮೇಲೆ ಫ್ಲ್ಯಾಟ್ ಮಾರಿ ಚಿಕ್ಕ ಮನೆ ತೆಗೆದುಕೊಳ್ಳೋಣ ಎಂದು ಹೊರಟರು. ಕೊಳ್ಳುವವರೂ ಸಿಕ್ಕರು. ಅವರ ವಕೀಲರು ಕಾಗದ ನೋಡಿ ಕೇಳಿದ ಮೊದಲ ಪ್ರಶ್ನೆ, "ಕೋರ್ಟ್ ಪರ್ಮಿಷನ್ ಎಲ್ಲಿ?" ಅಪ್ಪ ಇಲ್ಲದ ಮೇಲೆ ತಾಯಿಯೇ ಸಹಜ ಪೋಷಕಿ, ನಿಜ. ಆದರೂ ಮೈನರ್ ಮಕ್ಕಳ ಹೆಸರಿನ ಸ್ಥಿರಾಸ್ತಿಯನ್ನು ಕೋರ್ಟಿನ ಅನುಮತಿ ಪಡೆಯದೆ ಮಾರುವಂತಿಲ್ಲ. ಮಾರಿದರೆ ಆ ಮಗು 18 ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟವನ್ನು ರದ್ದು ಮಾಡಿಸಲು ಕೋರ್ಟಿಗೆ ಹೋಗಬಹುದು. ಅಂಥ ಮನೆಯನ್ನು ಯಾರು ಕೊಳ್ಳುತ್ತಾರೆ? ಯಾವ ಬ್ಯಾಂಕ್ ಸಾಲ ಕೊಡುತ್ತದೆ? ಅನುಮತಿ ಸಿಗುವುದೇ ಇಲ್ಲ ಎಂದಲ್ಲ. ಮಾರುವುದು ಅಗತ್ಯ ಅಥವಾ ಮಕ್ಕಳಿಗೇ ಒಳ್ಳೆಯದು ಎಂದು ಕೋರ್ಟಿಗೆ ಮನವರಿಕೆ ಆಗಬೇಕು. ಬಂದಿದ್ದ ಗಿರಾಕಿ ಅಷ್ಟು ದಿನ ಕಾಯಲಿಲ್ಲ.

ಕೊನೆಗೆ ಮಾರುವ ಯೋಚನೆ ಬಿಟ್ಟರು. ಫ್ಲ್ಯಾಟನ್ನು 11 ತಿಂಗಳ ಕರಾರಿಗೆ ಬಾಡಿಗೆಗೆ ಕೊಟ್ಟು, ಮಗನ ಶಾಲೆಯ ಹತ್ತಿರ ಚಿಕ್ಕ ಬಾಡಿಗೆ ಮನೆಗೆ ಹೋದರು. ಇಂಥ ಸಣ್ಣ ಅವಧಿಯ ಬಾಡಿಗೆಗೆ ಕೋರ್ಟಿನ ಅನುಮತಿ ಬೇಕಿಲ್ಲ.

ಅತ್ತೆ, ಸೊಸೆ, ಮೈದುನ

ಕಾನೂನಿಗಿಂತ ಕಷ್ಟದ ಭಾಗ ಇದು. ಮೈದುನ ಬಂದು ಕೂತು, "ಅತ್ತಿಗೆ, ಫ್ಲ್ಯಾಟಲ್ಲಿ ಅಮ್ಮಂದೂ ಪಾಲಿದೆಯಂತೆ" ಅಂದ. ಸೊಸೆ ಸಿಟ್ಟಾದರು, ಜಗಳ ಆಯಿತು, ಎರಡು ವಾರ ಮಾತಿಲ್ಲ. ಕುಟುಂಬದ ವಕೀಲರು ಮಾಡಿದ ಒಂದು ಒಳ್ಳೆಯ ಕೆಲಸ ಎಂದರೆ ಅತ್ತೆಯನ್ನು ಒಬ್ಬರನ್ನೇ ಕೂರಿಸಿಕೊಂಡು ನಿಮಗೇನು ಬೇಕು ಎಂದು ಕೇಳಿದ್ದು. ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ! ಅವರಿಗೆ ಫ್ಲ್ಯಾಟ್ ಬೇಕಿರಲಿಲ್ಲ. "ನಾಳೆ ಇವಳು ತವರಿಗೆ ಹೋದ್ರೆ ನನ್ನ ಮಾತ್ರೆ ಔಷಧಿಗೆ ಯಾರ ಮುಂದೆ ಕೈ ಚಾಚಲಿ" ಎಂಬುದಷ್ಟೇ ಅವರ ಚಿಂತೆ. ಇದನ್ನು ಕೇಳಿದ ಮೇಲೆ ಸೊಸೆ, "ಅತ್ತೆ, ಆ ಬ್ಯಾಂಕ್ ದುಡ್ಡಲ್ಲಿ ನನ್ನ ಪಾಲೂ ನೀವೇ ಇಟ್ಕೊಳ್ಳಿ" ಅಂದರು.

ಒಪ್ಪಂದ ಹೀಗಾಯಿತು. ಫ್ಲ್ಯಾಟಿನ ತನ್ನ ಕಾಲು ಭಾಗವನ್ನು ಅತ್ತೆ ಸೊಸೆಗೆ ಹಕ್ಕು ಬಿಡುಗಡೆ ಪತ್ರದ ಮೂಲಕ ಬಿಟ್ಟುಕೊಟ್ಟರು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಯಿತು. ಈಗ ಫ್ಲ್ಯಾಟಿನ ಅರ್ಧ ಸೊಸೆಯದು, ಕಾಲು ಕಾಲು ಮಕ್ಕಳದು. ಡೆಪಾಸಿಟ್‌ನಲ್ಲಿ ಅತ್ತೆಯ 3 ಲಕ್ಷ ಮತ್ತು ಸೊಸೆ ಬಿಟ್ಟುಕೊಟ್ಟ 3 ಲಕ್ಷ ಸೇರಿ 6 ಲಕ್ಷ ಅತ್ತೆಗೆ. ಉಳಿದ 6 ಲಕ್ಷ ಮಕ್ಕಳಿಬ್ಬರ ಹೆಸರಿಗೆ ಡೆಪಾಸಿಟ್. ಮಕ್ಕಳ ಪಾಲನ್ನೂ ಅಜ್ಜಿಗೇ ಬಿಟ್ಟರೆ ಸರಳವಾಗುತ್ತಿತ್ತು ಎಂದು ಮೈದುನ ಹೇಳಿ ನೋಡಿದ. ಮೈನರ್ ಪಾಲನ್ನು ಬಿಟ್ಟುಕೊಡಲು ತಾಯಿಗೆ ಅಧಿಕಾರ ಇಲ್ಲ ಎಂದು ವಕೀಲರು ಅಲ್ಲೇ ತಡೆದರು.

ಇದು ಸರಿಹೋಗಿದ್ದು ಅತ್ತೆ ಒಳ್ಳೆಯವರು ಎಂಬ ಕಾರಣಕ್ಕೆ. ಕೋರ್ಟಿನಲ್ಲಿ ಪಾಲಿನ ದಾವೆ ಬಿದ್ದಿದ್ದರೆ ಮಗ ಡಿಗ್ರಿ ಮುಗಿಸುವಷ್ಟು ಹೊತ್ತಿಗೂ ತೀರ್ಮಾನ ಆಗುತ್ತಿತ್ತೋ ಇಲ್ಲವೋ.

ಒಂದು ಹಾಳೆ ಏನು ಮಾಡುತ್ತಿತ್ತು

ಗಂಡ ಒಂದು ವಿಲ್ ಬರೆದಿದ್ದರೆ ಮೇಲಿನದರಲ್ಲಿ ಹೆಚ್ಚಿನದು ಬರುತ್ತಲೇ ಇರಲಿಲ್ಲ. ವಿಲ್‌ಗೆ ಸ್ಟ್ಯಾಂಪ್ ಪೇಪರ್ ಬೇಡ. ಬಿಳಿ ಹಾಳೆ ಸಾಕು, ಕೈಬರಹವೂ ನಡೆಯುತ್ತದೆ. ಬರೆದವರ ಸಹಿ ಬೇಕು, ಅದನ್ನು ಕಂಡ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನೋಂದಣಿ ಆದದ್ದನ್ನೂ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದು ನಿಲ್ಲುತ್ತದೆ. ನಡೆದಾಡಲಾಗದ ಹಿರಿಯರಿದ್ದರೆ ಸಬ್‌ರಿಜಿಸ್ಟ್ರಾರ್ ಮನೆಗೇ ಬಂದು ನೋಂದಣಿ ಮಾಡಲು ಕಾನೂನಿನಲ್ಲಿ ಅವಕಾಶ ಇದೆ. ಕರ್ನಾಟಕದಲ್ಲಿ ಹಿಂದೂ ಕುಟುಂಬಕ್ಕೆ ಪ್ರೊಬೇಟ್, ಅಂದರೆ ವಿಲ್ ನಿಜವಾದದ್ದೇ ಎಂದು ಕೋರ್ಟ್ ಕೊಡುವ ದೃಢೀಕರಣ, ಕಡ್ಡಾಯವಲ್ಲ.

ಜನ ಎಡವುವುದು ಸಾಕ್ಷಿಯ ವಿಷಯದಲ್ಲಿ. 70 ವರ್ಷದ ಸ್ನೇಹಿತರಿಬ್ಬರನ್ನು ಹಾಕಿಸುತ್ತಾರೆ. ವಿಲ್ ವಿಚಾರ ಕೋರ್ಟಿಗೆ ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕು, ಆ ಹೊತ್ತಿಗೆ ಇಬ್ಬರೂ ಇರುವುದಿಲ್ಲ. ನಿಮಗಿಂತ ಚಿಕ್ಕವರನ್ನು, ಆಸ್ತಿಯಲ್ಲಿ ಏನೂ ಸಿಗದವರನ್ನು ಹಾಕಿ. ವಯಸ್ಸಾದವರು ಬರೆಯುವುದಾದರೆ ಅದೇ ದಿನದ ಡಾಕ್ಟರ್ ಸರ್ಟಿಫಿಕೇಟ್ ಜೊತೆಗಿರಲಿ.

ಈ ಮನೆಗೆ ಬೇಕಾಗಿದ್ದ ಮುಖ್ಯ ಸಾಲುಗಳು ಸುಮಾರು ಹೀಗಿರುತ್ತಿದ್ದವು:

"ನನ್ನ ಹೆಸರಿನಲ್ಲಿರುವ ಫ್ಲ್ಯಾಟ್ ನನ್ನ ನಂತರ ನನ್ನ ಹೆಂಡತಿಗೆ ಪೂರ್ತಿ ಹಕ್ಕಿನೊಂದಿಗೆ ಸೇರತಕ್ಕದ್ದು. ನನ್ನ ತಾಯಿಗೆ ಅವರು ಬದುಕಿರುವ ತನಕ ಅದರಲ್ಲಿ ವಾಸಿಸುವ ಹಕ್ಕು ಇರುತ್ತದೆ. ನನ್ನ ಬ್ಯಾಂಕ್ ಡೆಪಾಸಿಟ್‌ನಲ್ಲಿ ಅರ್ಧ ತಾಯಿಗೆ, ಉಳಿದದ್ದು ಇಬ್ಬರು ಮಕ್ಕಳಿಗೆ ಸಮವಾಗಿ. ಇಲ್ಲಿ ಹೆಸರಿಸದ, ಮುಂದೆ ನಾನು ಸಂಪಾದಿಸುವ ಎಲ್ಲ ಆಸ್ತಿಯೂ ಹೆಂಡತಿಗೆ. ಅವಳು ನನಗಿಂತ ಮೊದಲು ತೀರಿಕೊಂಡಿದ್ದರೆ ಅವಳ ಪಾಲು ಮಕ್ಕಳಿಗೆ."

ಕೊನೆಯ ಎರಡು ವಾಕ್ಯ ಬಹಳ ವಿಲ್‌ಗಳಲ್ಲಿ ಇರುವುದಿಲ್ಲ. ವಿಲ್ ಬರೆದು ಹತ್ತು ವರ್ಷ ಆದ ಮೇಲೆ ಕೊಂಡ ಸೈಟು, ತೆರೆದ ಹೊಸ ಖಾತೆ, ಇವೆಲ್ಲ ಆಗ ವಿಲ್‌ನ ಹೊರಗೇ ಉಳಿದು ಮತ್ತೆ ಅದೇ ನಾಲ್ಕು ಪಾಲಿನ ಲೆಕ್ಕಕ್ಕೆ ಬೀಳುತ್ತವೆ. ಇನ್ನು ತಾಯಿಯನ್ನು ಪೂರ್ತಿ ಬಿಟ್ಟು ಬರೆಯುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಅವಲಂಬಿತ ತಾಯಿಗೆ ಆಸ್ತಿ ಪಡೆದವರಿಂದ ಜೀವನಾಂಶ ಕೇಳುವ ಹಕ್ಕು 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಇದೆ.

ತೆರಿಗೆಯ ಭಯ ಕೆಲವರಿಗೆ. ನಮ್ಮಲ್ಲಿ ಎಸ್ಟೇಟ್ ಡ್ಯೂಟಿ, ಅಂದರೆ ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ, 1985ರಲ್ಲೇ ಹೋಯಿತು. ವಿಲ್‌ನಿಂದ ಅಥವಾ ವಾರಸಿನಿಂದ ಬಂದ ಆಸ್ತಿಗೆ ಆದಾಯ ತೆರಿಗೆ ಇಲ್ಲ, ಅದರಿಂದ ಮುಂದೆ ಬರುವ ಬಾಡಿಗೆ, ಬಡ್ಡಿಗೆ ಇದೆ.

ಬದುಕಿರುವಾಗಲೇ ಹೆಂಡತಿಗೆ ದಾನಪತ್ರ ಮಾಡಿಬಿಟ್ಟಿದ್ದರೆ ಎಂದು ಕೇಳುವವರಿದ್ದಾರೆ. ಮಾಡಬಹುದಿತ್ತು, ಆದರೆ ದಾನ ಕೊಟ್ಟರೆ ಕೊಟ್ಟ ಹಾಗೇ, ಸುಮ್ನೆ ವಾಪಸ್ ಪಡೆಯಲಾಗದು. 46ನೇ ವಯಸ್ಸಿನವರಿಗೆ ನಾನಂತೂ ವಿಲ್ ಅನ್ನೇ ಹೇಳುತ್ತೇನೆ.

ಇನ್ನೂ ಬಗೆಹರಿಯದ್ದು

ಊರಿನ ಜಮೀನು. ಅಜ್ಜನ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕು, ಅಜ್ಜನ ಮತ್ತು ಮಾವನ ಮರಣ ಪ್ರಮಾಣಪತ್ರ ಹುಡುಕಬೇಕು. ಮಾವ ಬದುಕಿದ್ದಾಗಲೇ ಬಾಯಿಮಾತಿನಲ್ಲಿ ಗಂಡುಮಕ್ಕಳಿಬ್ಬರಿಗೆ ಪಾಲು ಮಾಡಿದ್ದರು, ತಂಗಿಗೆ ಮದುವೆಯಲ್ಲಿ ಕೊಟ್ಟಾಯಿತು ಎಂಬುದು ಮೈದುನನ ವಾದ. ಅದು ನಿಲ್ಲುವುದು ಕಷ್ಟ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಿಭಾಗವನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ, ಬಾಯಿಮಾತಿನ ಪಾಲನ್ನು ಕೋರ್ಟುಗಳು ಸುಲಭಕ್ಕೆ ಒಪ್ಪುವುದಿಲ್ಲ. ನಾದಿನಿ ಈ ತನಕ ಏನೂ ಕೇಳಿಲ್ಲ. ಕೇಳಿದರೆ ಕೊಡಲೇಬೇಕು, ಬೇಡ ಎಂದರೆ ಅದನ್ನೂ ನೋಂದಾಯಿತ ಪತ್ರದಲ್ಲೇ ಬರೆಸಿಕೊಳ್ಳಬೇಕು.

ಅಷ್ಟರಲ್ಲಿ ಈಕೆ ತಮ್ಮ ವಿಲ್ ಬರೆದಿದ್ದಾರೆ, ಮಗನಿಗೆ 18 ತುಂಬುವ ಮುಂಚೆ ತನಗೇನಾದರೂ ಆದರೆ ಪೋಷಕಿ ಯಾರು ಎಂದು ತನ್ನ ತಂಗಿಯ ಹೆಸರು ಹಾಕಿ. ಅತ್ತೆಯೂ ತಮ್ಮ 6 ಲಕ್ಷಕ್ಕೆ ಒಂದು ವಿಲ್ ಮಾಡಿಸಿದರು. ಅದರಲ್ಲಿ ಏನಿದೆ ಎಂದು ಇನ್ನೂ ಯಾರಿಗೂ ಹೇಳಿಲ್ಲ.